ಸಂಜೆಯ ಕೋವಿಡ್ ಪ್ರಕಟಣೆ: ದಾವಣಗೆರೆಯ ಮೆಡಿಕಲ್ ಶಾಪ್‌ನಿಂದ ಒಂದು ವಿಮರ್ಶೆ

ರಾಜ್ಯ ಆರೋಗ್ಯ ಇಲಾಖೆಯು 2020ರ ಮಾರ್ಚ್‌ನಿಂದ ದಿನವೂ ಹೊರಡಿಸುತ್ತಿದ್ದ ಕೋವಿಡ್ ಪ್ರಕಟಣೆಯನ್ನು ನಾನು ಎರಡು ವರ್ಷ ತಪ್ಪದೆ ಓದಿದ್ದೇನೆ. ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನಡೆಸುವ ನಾನು ನಾಳೆಗೆ ಯಾವ ಔಷಧಿ ಎಷ್ಟು ತರಿಸಬೇಕು, ಕೆಲಸದ ಹುಡುಗರನ್ನು ಎಷ್ಟು ಹೊತ್ತು ನಿಲ್ಲಿಸಿಕೊಳ್ಳಬೇಕು ಎಂಬುದನ್ನು ಅದನ್ನು ನೋಡಿಯೇ ತೀರ್ಮಾನಿಸುತ್ತಿದ್ದೆ. ಸಾರ್ವಜನಿಕ ಸೇವೆಯಾಗಿ ಅದಕ್ಕೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಉಳಿದ ಒಂದೂವರೆ ಅಂಕ ಕಳೆದಿರುವುದು ಅದು ಜಿಲ್ಲೆಯಿಂದ ಕೆಳಕ್ಕೆ ಇಳಿಯದೆ ಉಳಿದುದಕ್ಕಾಗಿ.

ಆರಂಭದಲ್ಲಿ ಹಿಂದಿನ ದಿನದ ಸಂಜೆ ಐದು ಗಂಟೆಯಿಂದ ಆ ದಿನದ ಸಂಜೆ ಐದರವರೆಗಿನ ಲೆಕ್ಕ ಅದರಲ್ಲಿರುತ್ತಿತ್ತು. ಮೊದಲ ತಿಂಗಳುಗಳ ಪ್ರಕಟಣೆಗಳು ನಿಜಕ್ಕೂ ಮೆಚ್ಚುವಂಥವು. ಪ್ರತಿಯೊಬ್ಬ ಸೋಂಕಿತರಿಗೂ ಒಂದು ‘ಪಿ’ (ಪೇಷಂಟ್) ಸಂಖ್ಯೆ, ಅದರ ಮುಂದೆ ಜಿಲ್ಲೆ, ವಯಸ್ಸು, ಲಿಂಗ, ಆಮೇಲೆ ಸೋಂಕಿನ ಮೂಲ: ಇಂಥ ಪಿ ಸಂಖ್ಯೆಯವರ ಸಂಪರ್ಕ, ಹೊರರಾಜ್ಯದ ಪ್ರಯಾಣ, ಐಎಲ್ಐ ಅಂದರೆ ಫ್ಲೂ ಮಾದರಿಯ ಜ್ವರ ಕೆಮ್ಮು, ಸಾರಿ ಅಂದರೆ ಆಸ್ಪತ್ರೆಗೆ ಸೇರಿಸಲೇಬೇಕಾದ ತೀವ್ರ ಉಸಿರಾಟದ ಸೋಂಕು. ಯಾರ ಹೆಸರೂ ಇಲ್ಲದೆ ಸೋಂಕು ಹರಡಿದ ಎಳೆ ಮಾತ್ರ ಕಾಣುತ್ತಿತ್ತು. ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ನಾನು ಪೆನ್ಸಿಲ್‌ನಿಂದ ಆ ಸಂಖ್ಯೆಗಳನ್ನು ಒಂದಕ್ಕೊಂದು ಗೆರೆ ಎಳೆದು ಜೋಡಿಸುತ್ತಿದ್ದೆ. ‘ಸಂಪರ್ಕ ಪತ್ತೆಯಲ್ಲಿದೆ’ ಎಂಬ ಸಾಲುಗಳು ಹೆಚ್ಚಾದ ದಿನ ನನ್ನ ಗೆರೆಗಳು ನಡುವೆಯೇ ನಿಂತುಹೋದವು. ರೋಗ ಊರೊಳಗೆ ಬೇರು ಬಿಟ್ಟಿದೆ ಎಂದು ನನಗೆ ಅರ್ಥವಾದದ್ದು ಆಗಲೇ. ಹೀಗೆ ಹೆಸರು ಮುಚ್ಚಿಟ್ಟ ಇದೇ ಸರ್ಕಾರ ಮಾರ್ಚ್‌ನಲ್ಲಿ ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ಬಹಿರಂಗಪಡಿಸಿತ್ತು, ಅದು ತಪ್ಪು ಎಂದೇ ನಾನು ಈಗಲೂ ನಂಬಿದ್ದೇನೆ.

ಪ್ರಕರಣಗಳು ಏರಿದಂತೆ ಸೋಂಕಿತರ ವಿವರ ಹೋಗಿ, ಮೃತರ ಪಟ್ಟಿಯಲ್ಲಿ ಮಾತ್ರ ವಿವರ ಉಳಿಯಿತು. ಆ ಪಟ್ಟಿಯಲ್ಲಿ ಆಸ್ಪತ್ರೆಗೆ ಸೇರಿದ ದಿನ ಮತ್ತು ಸಾವಿನ ದಿನ ಎರಡೂ ಇರುತ್ತಿದ್ದವು. ‘ಇಂದಿನ ಸಾವು’ ಎಂದು ಮೊದಲ ಪುಟದಲ್ಲಿ ಎಣಿಸಿದ್ದರಲ್ಲಿ ಎಷ್ಟೋ ಸಾವುಗಳು ಹಲವು ದಿನಗಳ ಹಿಂದಿನವಾಗಿರುತ್ತಿದ್ದವು. ಮೊದಲ ಪುಟವನ್ನಷ್ಟೇ ಓದಿ ಅಲೆ ಇಳಿಯಿತೆಂದೋ ಏರಿತೆಂದೋ ಹೇಳುವುದು ಅಪಾಯವೆಂದು ನಾನು ಕಲಿತದ್ದು ಹೀಗೆ.

ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದ ಕೇಂದ್ರ ಸರ್ಕಾರದ 2020ರ ಏಪ್ರಿಲ್ 30ರ ಪಟ್ಟಿಯಲ್ಲಿ ದಾವಣಗೆರೆ ಹಸಿರು ವಲಯ, ಅಂದರೆ ಹೊಸ ಪ್ರಕರಣಗಳಿಲ್ಲದ ಜಿಲ್ಲೆ. ಆ ಪಟ್ಟಿ ನಮ್ಮ ಕೈ ಸೇರುವ ಹೊತ್ತಿಗೆ ನಗರದಲ್ಲಿ ಹೊಸ ಪ್ರಕರಣಗಳು ಪತ್ತೆಯಾಗಿದ್ದವು, ಮೇ ತಿಂಗಳಲ್ಲಿ ಅವು ಬೆಳೆಯುತ್ತಲೇ ಹೋದವು. ಜಗಳೂರು, ಹೊನ್ನಾಳಿ, ಚನ್ನಗಿರಿ ಹೀಗೆ ಜಿಲ್ಲೆಯ ತಾಲ್ಲೂಕುಗಳೆಲ್ಲವನ್ನೂ ಒಂದೇ ಅಂಕಿಯಲ್ಲಿ ತೋರಿಸಿದರೆ ಹರಿಹರದಿಂದ ದಿನವೂ ಮಾರುಕಟ್ಟೆಗೆ ಬರುವವರ ಬಗ್ಗೆ ನನಗೇನು ತಿಳಿದೀತು? 2018ರಲ್ಲಿ ನಮ್ಮ ಜಿಲ್ಲೆಯಿಂದ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದ ಹರಪನಹಳ್ಳಿಯವರು ಆಸ್ಪತ್ರೆಗೆಂದು ಬರುವುದು ಇಂದಿಗೂ ದಾವಣಗೆರೆಗೇ. ತಾಲ್ಲೂಕುವಾರು ಲೆಕ್ಕಕ್ಕಾಗಿ ನಾವು ಸ್ಥಳೀಯ ಪತ್ರಿಕೆಗಳನ್ನು ಕಾಯಬೇಕಾಗಿತ್ತು.

ನನ್ನ ಬಳಿ ಇದ್ದದ್ದು ಒಂದು ನೂರು ಪುಟದ ನೋಟ್‌ಬುಕ್. ಜ್ವರ, ಕೆಮ್ಮಿನ ಮಾತ್ರೆ ಕೊಂಡವರು ಯಾವ ಬಡಾವಣೆಯವರು ಎಂದು ಅದರಲ್ಲಿ ಬರೆದಿಡುತ್ತಿದ್ದೆ. 2021ರ ಏಪ್ರಿಲ್‌ನಲ್ಲಿ ಒಬ್ಬರು ಐದು ಪಟ್ಟಿ ಡೋಲೋ ಕೇಳಿ, “ಹೆಸ್ರು ಬರ್ಕೊಬ್ಯಾಡ್ರಿ ಅಣ್ಣಾರೆ, ಓಣ್ಯಾಗೆ ಗೊತ್ತಾದ್ರೆ ನೀರಿಗೂ ಕರ್ಯಲ್ಲ” ಎಂದರು. ಹೆಸರು ಬಿಟ್ಟು ಓಣಿಯನ್ನಷ್ಟೇ ಬರೆದುಕೊಂಡೆ. ಸಂಜೆ ನಮ್ಮ ಭಾಗದ ಆಶಾ ಕಾರ್ಯಕರ್ತೆ ಬಂದಾಗ ಅದನ್ನು ತೋರಿಸಿದೆ. ಅವರ ಸಮೀಕ್ಷೆ ಪುಸ್ತಕದಲ್ಲಿ ಆ ಓಣಿಯ ಎಲ್ಲ ಮನೆಗಳ ಎದುರೂ ‘ಜ್ವರ ಇಲ್ಲ’ ಎಂದಿತ್ತು. “ಬಾಗ್ಲಾಗೆ ನಿಂತು ಕೇಳಿದ್ರೆ ಯಾರು ಹೇಳ್ತಾರಣ್ಣ” ಎಂದು ಅವರು ಮರುದಿನ ಬೆಳಿಗ್ಗೆ ಆಕ್ಸಿಮೀಟರ್ ಹಿಡಿದು ಮತ್ತೆ ಅಲ್ಲಿಗೆ ಹೋದರು. ಆ ಓಣಿಯ ಜ್ವರ ಪ್ರಕಟಣೆಯ ಅಂಕಿಯಾಗಲು ಇನ್ನೂ ಕೆಲವು ದಿನ ಬೇಕಾಯಿತು. ನನ್ನದೇ ಗಂಟಲು ದ್ರವದ ವರದಿ ಒಂದು ಪ್ರಯೋಗಾಲಯದಿಂದ ಬಂದದ್ದು ಆರನೆಯ ದಿನ. ಅಷ್ಟು ದಿನ ನಾನು ಯಾವ ಲೆಕ್ಕದಲ್ಲೂ ಇರಲಿಲ್ಲ.

ಈ ಪ್ರಕಟಣೆ ಬರುವ ಮೊದಲೇ ದೇಶದಲ್ಲಿ ಒಂದು ವ್ಯವಸ್ಥೆ ಇತ್ತು. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಲಕ್ಷಣಗಳನ್ನು ‘ಎಸ್’ ನಮೂನೆಯಲ್ಲಿ, ವೈದ್ಯರು ತಮ್ಮ ಅಂದಾಜನ್ನು ‘ಪಿ’ ನಮೂನೆಯಲ್ಲಿ, ಪ್ರಯೋಗಾಲಯದವರು ಫಲಿತಾಂಶವನ್ನು ‘ಎಲ್’ ನಮೂನೆಯಲ್ಲಿ ವಾರಕ್ಕೊಮ್ಮೆ ಕಳಿಸುತ್ತಿದ್ದರು. 2018ರಲ್ಲಿ ಇದನ್ನು ಆನ್‌ಲೈನ್‌ಗೆ ತಂದಾಗ ಮೊದಲ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2021ರ ಏಪ್ರಿಲ್‌ನಲ್ಲಿ ಅದು ದೇಶಕ್ಕೆಲ್ಲ ವಿಸ್ತರಿಸಿ 33 ರೋಗಗಳ ಮೇಲೆ ನಿಗಾ ಇಡುವಂತಾಯಿತು. ವಿನ್ಯಾಸ ಗಟ್ಟಿಯಾಗಿದೆ. ಆದರೆ ಜ್ವರ ಬಂದವರು ಮೊದಲು ಬಂದು ನಿಲ್ಲುವ ಔಷಧಿ ಅಂಗಡಿಗೆ ಆ ಮೂರು ನಮೂನೆಗಳಲ್ಲಿ ಒಂದೂ ಇಲ್ಲ.

ಈ ಯೋಜನೆಯ ವಾರದ ವರದಿಗಳನ್ನು ಯಾರು ಬೇಕಾದರೂ ಓದಬಹುದು. ತೆರೆದವರು ದಾವಣಗೆರೆಯ ಸಾಲು ಕಂಡರೆ ರೋಗಿಗಳ ಸಂಖ್ಯೆಗಿಂತ ಮುಂಚೆ ಎರಡು ದಿನಾಂಕಗಳನ್ನು ನೋಡಬೇಕೆಂದು ಕೇಳಿಕೊಳ್ಳುತ್ತೇನೆ: ರೋಗ ಶುರುವಾದ ದಿನ ಮತ್ತು ಅದು ವರದಿಯಾದ ದಿನ. ಆ ಎರಡರ ಅಂತರ ನಾಲ್ಕು ದಿನ ದಾಟಿದ್ದರೆ, ಆ ಓಣಿಯ ಮಾತ್ರೆ ಅಷ್ಟರಲ್ಲಿ ಯಾವುದೋ ಅಂಗಡಿಯಲ್ಲಿ ಖರ್ಚಾಗಿ ಮುಗಿದಿರುತ್ತದೆ.