ಎಳೆದ ಗ್ರಾಫೀನ್‌ನಲ್ಲಿ ಶಾಖದ ಹರಿವು: ಐರೆಬೊ ಸರಿಯೋ, ಟರ್ಸಾಫ್ ಸರಿಯೋ?

ಧಾರವಾಡದ ಸಪ್ತಾಪುರದ ನನ್ನ ಬಾಡಿಗೆ ಕೋಣೆಯಲ್ಲಿ ಈ ಮಳೆಗಾಲವಿಡೀ ಕಂಪ್ಯೂಟರ್ ಒಂದೇ ಪ್ರಶ್ನೆಯ ಬೆನ್ನು ಹತ್ತಿತ್ತು: ಒಂದೇ ಪರಮಾಣುವಿನಷ್ಟು ದಪ್ಪದ ಕಾರ್ಬನ್ ಹಾಳೆಯಾದ ಗ್ರಾಫೀನನ್ನು ಹಿಡಿದು ಎಳೆದರೆ ಅದರಲ್ಲಿ ಶಾಖ ಹರಿಯುವ ಬಗೆ ಹೇಗೆ ಬದಲಾಗುತ್ತದೆ? ಪರಮಾಣುಗಳ ಚಲನೆಯನ್ನು ಲೆಕ್ಕಹಾಕುವ ಲ್ಯಾಂಪ್ಸ್ ತಂತ್ರಾಂಶದಲ್ಲಿ ಹಾಳೆಯ ಒಂದು ತುದಿಯನ್ನು 310 ಕೆಲ್ವಿನ್‌ನಲ್ಲಿ, ಇನ್ನೊಂದನ್ನು 290ರಲ್ಲಿ ಇಟ್ಟು, ನಡುವೆ ದಾಟುವ ಶಕ್ತಿಯನ್ನು ಅಳೆದೆ. ಕಾರ್ಬನ್ ಪರಮಾಣುಗಳ ನಡುವಿನ ಬಲಕ್ಕೆ ಎರಡು ಸೂತ್ರಗಳನ್ನು ಬಳಸಿದೆ. ಒಂದು, 2000ರಲ್ಲಿ ಬಂದ ಐರೆಬೊ. ಇನ್ನೊಂದು, 2010ರಲ್ಲಿ ಲಿಂಡ್ಸೆ ಮತ್ತು ಬ್ರಾಯ್ಡೊ ಗ್ರಾಫೀನ್‌ಗೆಂದು ತಿದ್ದಿದ ಟರ್ಸಾಫ್.

ಆರಂಭದಲ್ಲೇ ಎಡವಿದೆ. ಪುಸ್ತಕಗಳಲ್ಲಿರುವ 2.46 ಆಂಗ್‌ಸ್ಟ್ರಾಮ್ ಜಾಲಕ ಅಂತರವನ್ನೇ (ಪರಮಾಣುಗಳ ವಿನ್ಯಾಸ ಮರುಕಳಿಸುವ ದೂರ; ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ಎರಡಕ್ಕೂ ಕೊಟ್ಟು ಶೇ. 2ರಷ್ಟು ಎಳೆದೆ. ಟರ್ಸಾಫ್‌ನ ಅಂಕಿಗಳು ಹೊಂದಲೇ ಇಲ್ಲ. ಪರಮಾಣುಗಳ ಚಿತ್ರ ತೆರೆದು ನೋಡಿದರೆ, ಇನ್ನೂ ಎಳೆಯದ ಹಾಳೆಯೇ ಹಿಂಡಿ ಒಣಹಾಕಿದ ಸೀರೆಯಂತೆ ಅಲೆಅಲೆಯಾಗಿ ಸುಕ್ಕುಗಟ್ಟಿತ್ತು. ಆ ಸೂತ್ರದ ಸಹಜ ಅಂತರ ಸುಮಾರು 2.49. ಹಾಳೆಯನ್ನು ನಾನೇ ಶೇ. 1.2ರಷ್ಟು ಒತ್ತಿ ಕೂರಿಸಿದ್ದೆ. ನಾನು ಬರೆದುಕೊಂಡಿದ್ದ ಶೇ. 2ರ ಎಳೆತ ನಿಜದಲ್ಲಿ ಶೇ. 0.8 ಮಾತ್ರ. ಎರಡು ವಾರಗಳ ಲೆಕ್ಕ ನೀರಿನಲ್ಲಿ ಹೋಮ ಮಾಡಿದಂತಾಯಿತು. ಹಾಳೆಯನ್ನು ಮೊದಲು ಅದರ ಪಾಡಿಗೆ ಬಿಟ್ಟು, ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಎಳೆತವನ್ನು ಎಣಿಸಬೇಕು. ಈ ಕೆಲಸಕ್ಕೆ ಇಳಿಯುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ವೇಗದಲ್ಲಿ ಐರೆಬೊ ಹಿಂದೆ. ಕರೆಂಟು ಹೋಗಿ ಬರುವ ಊರಿನಲ್ಲಿ ಅದೂ ಸಣ್ಣ ಮಾತಲ್ಲ.

ಆದರೆ ನನ್ನನ್ನು ಟರ್ಸಾಫ್ ಕಡೆಗೆ ತಿರುಗಿಸಿದ್ದು ವೇಗವಲ್ಲ, ಫೋನಾನ್‌ಗಳು. ಗ್ರಾಫೀನ್‌ನಲ್ಲಿ ಶಾಖವನ್ನು ಹೊರುವುದು ಮುಖ್ಯವಾಗಿ ಫೋನಾನ್ ಎನ್ನುವ, ಪರಮಾಣುಗಳ ಜಾಲಕದ ಕಂಪನಗಳೇ. 2008ರಲ್ಲಿ ಬಲಾಂದಿನ್ ತಂಡ ಅಳೆದ ಗ್ರಾಫೀನ್‌ನ ವಾಹಕತೆ (ಶಾಖ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ) ಮೀಟರ್-ಕೆಲ್ವಿನ್‌ಗೆ 5000 ವ್ಯಾಟ್‌ನ ಆಸುಪಾಸು, ತಾಮ್ರದ್ದು 400. ಈ ಕಂಪನಗಳಲ್ಲಿ ಹಾಳೆಯ ಮೇಲೆ ಕೆಳಗೆ ತೂಗುವ ಒಂದು ಬಗೆಯಿದೆ. ಬೆಟಗೇರಿಯ ನಮ್ಮ ಮನೆಯ ಮಗ್ಗದಲ್ಲಿ ಹಾಸು ಸಡಿಲಿದ್ದಾಗ ಬೆರಳಿನಿಂದ ತಟ್ಟಿದರೆ ಅಲೆ ಅಲ್ಲಲ್ಲೇ ಸಾಯುತ್ತಿತ್ತು. ಬಿಗಿ ಮಾಡಿದರೆ ಆ ತುದಿಗೆ ಹೋಗಿ ಮುಟ್ಟುತ್ತಿತ್ತು. ಎಳೆದ ಗ್ರಾಫೀನ್‌ನಲ್ಲೂ ಹೀಗೆಯೇ. ತೂಗುವ ಉದ್ದನೆಯ ಅಲೆಗಳ ಆವೃತ್ತಿ ಸಡಿಲ ಹಾಳೆಯಲ್ಲಿ ಅಲೆಸಂಖ್ಯೆಯ (ಇಂತಿಷ್ಟು ಉದ್ದದಲ್ಲಿ ಎಷ್ಟು ಅಲೆಗಳು ಎಂಬುದರ) ವರ್ಗಕ್ಕೆ ಅನುಗುಣವಾಗಿದ್ದರೆ, ಎಳೆದಾಗ ನೇರ ಅನುಪಾತಕ್ಕೆ ತಿರುಗುತ್ತದೆ. ಆ ಅಲೆಗಳು ಚದುರುವುದು ಕಡಿಮೆಯಾಗುತ್ತದೆ. ಇನ್ನೊಂದೆಡೆ ಬಂಧಗಳು ಮೆತ್ತಗಾಗಿ, ಹಾಳೆಯ ಸಮತಲದಲ್ಲೇ ಓಡುವ ಅಲೆಗಳ ವೇಗ ಕುಗ್ಗುತ್ತದೆ. ಎರಡರ ಜಗ್ಗಾಟದಲ್ಲಿ ಯಾವುದು ಗೆಲ್ಲುತ್ತದೆ ಎಂಬುದಕ್ಕೆ ಹಾಳೆಯ ಉದ್ದವೂ ಕಾರಣ.

ನನ್ನ ಗಿಡ್ಡ ಹಾಳೆಗಳಲ್ಲಿ ಎಳೆದಂತೆ ವಾಹಕತೆ ಎರಡೂ ಸೂತ್ರಗಳಲ್ಲಿ ಇಳಿಯಿತು. ಉದ್ದ ಹೆಚ್ಚಿಸಿದಾಗ ಟರ್ಸಾಫ್‌ನಲ್ಲಿ ಆ ಇಳಿತ ಸ್ಪಷ್ಟವಾಗಿ ಕಿರಿದಾಯಿತು. 2013ರಲ್ಲಿ ಪೆರೇರಾ ಮತ್ತು ಡೊನಾಡಿಯೊ ಇದೇ ಸೂತ್ರದಿಂದ, ಒಂದೇ ದಿಕ್ಕಿನ ಎಳೆತ ಶೇ. 2 ದಾಟಿದರೆ ವಾಹಕತೆ ಗಾತ್ರದೊಂದಿಗೆ ಬೆಳೆಯುತ್ತಲೇ ಹೋಗುತ್ತದೆ ಎಂದು ವರದಿ ಮಾಡಿದ್ದರು. ಐರೆಬೊ ಎಳೆಯದ ಹಾಳೆಗೇ ಬಹಳ ಕಡಿಮೆ ವಾಹಕತೆ ಕೊಟ್ಟಿತು. ಅದಕ್ಕೆ ತಳಹದಿಯಾದ ಬ್ರೆನ್ನರ್ ಸೂತ್ರ ಫೋನಾನ್‌ಗಳನ್ನು ಸರಿಯಾಗಿ ಹಿಡಿಯುವುದಿಲ್ಲ.

ಹಾಳೆ ಹರಿಯುವವರೆಗೂ ಎಳೆಯುವುದಿದ್ದರೆ ನಾನು ಐರೆಬೊವನ್ನೇ ಹಿಡಿಯುತ್ತೇನೆ. ಆಗಲೂ 1.7 ಆಂಗ್‌ಸ್ಟ್ರಾಮ್‌ಗೆ ಶುರುವಾಗುವ ಅದರ ಕಡಿತದ ಮಿತಿಯನ್ನು, ಎಂದರೆ ಪರಮಾಣುಗಳ ನಡುವಿನ ಬಲವನ್ನು ಸೊನ್ನೆಗೆ ಇಳಿಸತೊಡಗುವ ದೂರವನ್ನು, 2.0ರ ಹತ್ತಿರಕ್ಕೆ ಸರಿಸಬೇಕು; ಇಲ್ಲದಿದ್ದರೆ ಬಂಧ ಹರಿಯುವ ಮುನ್ನ ಇಲ್ಲದ ಗಡಸುತನ ಕಾಣಿಸಿಕೊಳ್ಳುತ್ತದೆ. ಶಾಖದ ಪ್ರಶ್ನೆಗೆ ಟರ್ಸಾಫ್. ಈಗ ಅದರಲ್ಲೇ ಇನ್ನೂ ಉದ್ದನೆಯ ಹಾಳೆಯೊಂದನ್ನು ಓಡಿಸುತ್ತಿದ್ದೇನೆ, ಶೇ. 4 ಎಳೆತದಲ್ಲಿ, 2.49ರಿಂದ ಎಣಿಸಿ.