ಇಂಡಕ್ಷನ್ ಒಲೆ: ಮನೆಯ ಉಳಿದ ಮೂರು ಒಲೆಗಳ ಎದುರು ಎಷ್ಟು ಭದ್ರ?

ನಮ್ಮದು ಸಿದ್ದಾಪುರದ ಕಡೆಯ ಅಡಿಕೆ ತೋಟದ ಮನೆ. ಬಚ್ಚಲ ಹಂಡೆಗೆ ಕಟ್ಟಿಗೆ, ಅಡುಗೆಮನೆಗೆ ಕೊಟ್ಟಿಗೆ ಕಡೆಯಿಂದ ಗೋಬರ್ ಗ್ಯಾಸ್, ಅದು ಸಾಲದ ದಿನ ಸಿಲಿಂಡರ್. ಈಗ 2000 ವ್ಯಾಟಿನ ಇಂಡಕ್ಷನ್ ಒಲೆಯೂ ಬಂದು ಕೂತಿದೆ. ತರಿಸಿದ್ದು ಅತ್ತೆಗಾಗಿ. ಎಂಬತ್ತರ ಹತ್ತಿರದವರು. ಬೆಳಗಿನ ಕಷಾಯ ತಾವೇ ಕಾಸಿಕೊಳ್ಳಬೇಕು ಅನ್ನುವ ಹಟ ಹಾಗೇ ಇದೆ, ಗ್ಯಾಸ್ ವಾಸನೆ ಹಿಡಿಯುವಷ್ಟು ಮೂಗು ಮಾತ್ರ ಚುರುಕಾಗಿಲ್ಲ. ಬಿಲ್ಲು ಎಷ್ಟು ಬರುತ್ತದೆ, ಹಾಲು ಎಷ್ಟು ಬೇಗ ಉಕ್ಕುತ್ತದೆ ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ನೋಡಿದ್ದು ಯಾವುದರಲ್ಲಿ ಎಷ್ಟು ಅಪಾಯ ಅನ್ನುವುದನ್ನಷ್ಟೇ.

ಸೆರಗಿಗೆ ಹತ್ತಲು ಇಂಡಕ್ಷನ್ ಒಲೆಯಲ್ಲಿ ಉರಿಯೇ ಇಲ್ಲ. ಗಾಜಿನಡಿಯ ತಾಮ್ರದ ಸುರುಳಿಯಿಂದಾಗಿ ಪಾತ್ರೆಯ ತಳವೇ ಕಾಯುತ್ತದೆ. ಪಾತ್ರೆ ಎತ್ತಿದರೆ ಪೀಂ ಪೀಂ ಎಂದು ಕೂಗಿ ತಾನೇ ಆರುತ್ತದೆ. ಆದರೆ ಪಾತ್ರೆ ಇಳಿಸಿದ ಮೇಲೂ ಗಾಜು ಸುಡುತ್ತಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಬಾಣಲೆಯಲ್ಲಿ ಎಣ್ಣೆ ಇಟ್ಟು ಮರೆತರೆ ಇಲ್ಲಿಯೂ ಹೊತ್ತಿಕೊಳ್ಳಬಹುದು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಡಾಕ್ಟರನ್ನು ಕೇಳಿಯೇ ಹತ್ತಿರ ಹೋಗಬೇಕು.

ಊರಲ್ಲಿ ಎಲ್ಲರಿಗೂ ಹೆದರಿಕೆ ಇರುವುದು ಸಿಲಿಂಡರಿನದು. ಹೆದರಿಕೆ ಸುಳ್ಳಲ್ಲ. ಒಳಗಿನ 14.2 ಕೆಜಿ ಗ್ಯಾಸು ಗಾಳಿಗಿಂತ ಭಾರದ ಜಾತಿಯದು, ಸೋರಿದರೆ ನೆಲದ ಮೇಲೇ ಹರಡಿ ಕೂರುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಒಂದು ಕಿಡಿ ಸಾಕು. ಆದರೂ ಅದಕ್ಕೆ ಒಂದು ಕಾವಲಿದೆ. ಗ್ಯಾಸಿಗೆ ಸ್ವಂತ ವಾಸನೆ ಇಲ್ಲವೆಂದೇ ಮರ್ಕ್ಯಾಪ್ಟನ್ ಅನ್ನುವ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸಿ ಕಳಿಸುತ್ತಾರೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿದರೆ ಆಯಿತು. ಕಿತ್ತಳೆ ಬಣ್ಣದ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು ಅನ್ನುವುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಒಡೆದು ಬಿರುಕು ಬಿಟ್ಟ ಟ್ಯೂಬು ಎಷ್ಟೋ ಮನೆಯಲ್ಲಿ ನೋಡಿದ್ದೇನೆ.

ಗೋಬರ್ ಗ್ಯಾಸಿಗೆ ಒತ್ತಡ ಕಡಿಮೆ, ಒಲೆಯ ಹತ್ತಿರ ಭಯ ಇಲ್ಲವೆನ್ನಬಹುದು. ನಮ್ಮದು ಇಟ್ಟಿಗೆ ಗುಮ್ಮಟದ ದೀನಬಂಧು ಮಾದರಿ. ಅಪಾಯ ಇರುವುದು ಗುಂಡಿಯಲ್ಲಿ. ಒಳಗಿನ ಗಾಳಿಯಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್, ಜೊತೆಗೆ ಒಂದಿಷ್ಟು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ಆ ವಾಸನೆ ತೀರಾ ಹೆಚ್ಚಾದಾಗ ಮೂಗೇ ಮರಗಟ್ಟಿ ವಾಸನೆ ಹೋದಂತಾಗುತ್ತದೆ, ಒಳಗಿದ್ದವನು ಗಾಳಿ ಸರಿಯಾಯಿತು ಅಂದುಕೊಳ್ಳುತ್ತಾನೆ. ಗುಂಡಿ ಖಾಲಿ ಮಾಡಿಸಿದ್ದೇವೆ ಎಂದು ಯಾರನ್ನೂ ಇಳಿಸಬೇಡಿ. ಬಿದ್ದವನನ್ನು ಎತ್ತಲು ಇನ್ನೊಬ್ಬ ಇಳಿಯುವುದಂತೂ ಬೇಡವೇ ಬೇಡ.

ಕಟ್ಟಿಗೆಯ ಹೆದರಿಕೆ ಯಾರಿಗೂ ಇಲ್ಲ, ನನ್ನ ಲೆಕ್ಕದಲ್ಲಿ ನಾಲ್ಕರಲ್ಲಿ ಕೆಟ್ಟದ್ದು ಅದೇ. ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸಿಲಿಂಡರ್ ಸಿಡಿದರೆ ಪೇಪರಿನಲ್ಲಿ ಬರುತ್ತದೆ, ಹೊಗೆ ಕುಡಿದು ಕೆಮ್ಮುವವರದು ಬರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ಬಂದಾಗ ಹೊಗೆ ನಳಿಗೆಯಲ್ಲಿ ಹೊರಗೆ ಹೋಗುವಂತಾಯಿತು. ನಮ್ಮ ಬಚ್ಚಲಿಗೆ ಆ ಭಾಗ್ಯ ಇನ್ನೂ ಬಂದಿಲ್ಲ. ಈ ಅಡಿಕೆ ಕೊಯ್ಲು ಮುಗಿದ ಮೇಲೆ ಮೊದಲ ಖರ್ಚು ಅದಕ್ಕೇ.

ಇನ್ನು ಕರೆಂಟು. ಇದಕ್ಕೆ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ, ಮುನ್ಸೂಚನೆ ಕೊಡುವಂಥದ್ದು ಏನೂ ಇಲ್ಲ. 2000 ವ್ಯಾಟ್ ಅಂದರೆ 9 ಆಂಪಿಯರ್ ಹತ್ತಿರ. ಮಿಕ್ಸಿ ಹಾಕುವ 6 ಆಂಪಿಯರಿನ ಪ್ಲಗ್ಗಿಗೆ ಹಾಕಿದರೆ ಅದು ಕಾದು ಕರಗುತ್ತದೆ. 16 ಆಂಪಿಯರಿನ ಪಾಯಿಂಟು, ಅದಕ್ಕೆ ತಕ್ಕ ದಪ್ಪದ ವೈರು, ಸರಿಯಾದ ಅರ್ಥಿಂಗು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಷ್ಟೂ ಬೇಕು. ಎಂಸಿಬಿ ಇದೆಯಲ್ಲ ಅನ್ನಬೇಡಿ, ಅದು ಕಾಯುವುದು ವೈರನ್ನು. ಮನುಷ್ಯನಿಗೆ ಶಾಕ್ ಹೊಡೆದಾಗ ಕಡಿದುಹಾಕುವುದು ಆರ್‌ಸಿಸಿಬಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯಬೇಕು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಬೇಕು. ಒಲೆಯ ಜೊತೆ ಬಂದ ಪುಸ್ತಕದಲ್ಲಿ ಪಾತ್ರೆಗಳ ಚಿತ್ರ ಪುಟಗಟ್ಟಲೆ ಇದೆ, ಅರ್ಥಿಂಗ್ ಬಗ್ಗೆ ಒಂದು ಸಾಲು. ಪಾಯಿಂಟು ಹಾಕಿಸಿದ್ದರ ಖರ್ಚೂ ಒಲೆಯ ಬೆಲೆಯಲ್ಲಿ ಸೇರಿಸಿಕೊಂಡೇ ಕೊಳ್ಳಿ.

"ಕೈಗಾದ ಕರೆಂಟಲ್ಲಿ ಕಷಾಯ ಕಾಸ್ತೀರಾ ಅತ್ತಿಗೆ?" ಅಂತ ಮೈದುನನ ಕುಹಕ. ನಮ್ಮ ಜಿಲ್ಲೆಯಲ್ಲಿ ಕೈಗಾ ಅಣುಸ್ಥಾವರ ಅಂದರೆ ಹಳೆಯ ಸಿಟ್ಟು. 1994ರಲ್ಲಿ ಕಟ್ಟುತ್ತಿದ್ದಾಗಲೇ ಗುಮ್ಮಟದ ಒಳಭಾಗ ಕಳಚಿಬಿದ್ದದ್ದನ್ನು ಜನ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ನಮ್ಮ ತಂತಿಯಲ್ಲಿ ಶರಾವತಿಯದೂ ಬರುತ್ತದೆ, ರಾಯಚೂರಿನ ಕಲ್ಲಿದ್ದಲಿನದೂ ಬರುತ್ತದೆ. ಅವರ್ ವರ್ಲ್ಡ್ ಇನ್ ಡೇಟಾ ಅನ್ನುವ ಅಂಕಿಅಂಶದ ಜಾಲತಾಣದವರು ಜಗತ್ತಿನ ಲೆಕ್ಕ ಹಾಕಿದ್ದಾರೆ: 100 ಕೋಟಿ ಯೂನಿಟ್ ಕರೆಂಟಿಗೆ ಕಲ್ಲಿದ್ದಲಿನಿಂದ ಸುಮಾರು 25 ಸಾವು, ಜಲವಿದ್ಯುತ್ತಿನಿಂದ 1.3, ಅಣುವಿದ್ಯುತ್ತಿನಿಂದ 0.03, ಸೌರದಿಂದ 0.02. ಅಣುವಿನ ಲೆಕ್ಕ ಚೆರ್ನೋಬಿಲ್, ಫುಕುಶಿಮಾ ದುರಂತ ಎರಡನ್ನೂ ಸೇರಿಸಿಯೇ. ನೀರಿನ ಲೆಕ್ಕ ಅಷ್ಟಾಗಿರುವುದು ಬಹುಮಟ್ಟಿಗೆ 1975ರಲ್ಲಿ ಚೀನಾದ ಬಾಂಚಿಯಾವ್ ಅಣೆಕಟ್ಟು ಒಡೆದದ್ದರಿಂದ. ಮೈದುನನಿಗೆ ಓದಿ ಹೇಳಿದೆ, ಒಪ್ಪಲಿಲ್ಲ. ನನಗೆ ಚುಚ್ಚಿದ್ದು ಕಲ್ಲಿದ್ದಲಿನ ಸಂಖ್ಯೆ: ನಮ್ಮ ಅಡುಗೆಮನೆಯಿಂದ ಹೋದ ಹೊಗೆಯಲ್ಲಿ ಒಂದು ಪಾಲು ರಾಯಚೂರಿನವರ ಮೂಗಿಗೆ ಹೋಯಿತಷ್ಟೇ.

ಐದಕ್ಕೆ ನಾಲ್ಕು ಚುಕ್ಕಿ. ವಯಸ್ಸಾದವರು ಒಬ್ಬರೇ ಒಲೆ ಹಚ್ಚುವ ಮನೆಗೆ ಒಳ್ಳೆಯದು, ಅರ್ಥಿಂಗ್ ಇಲ್ಲದ ಮನೆಗೆ ಬೇಡ. ಮಳೆಗಾಲದಲ್ಲಿ ಕರೆಂಟು ಹೋದರೆ ಹೇಗೂ ಗೋಬರ್ ಗ್ಯಾಸೇ ಗತಿ. ಒಂದು ಚುಕ್ಕಿ ಕಳೆದದ್ದು ಒಲೆಯ ಮೇಲಿನ ಒತ್ತುವ ಗುಂಡಿಗಳಿಗಾಗಿ. ಅಕ್ಷರ ಇಂಗ್ಲಿಷಿನವು, ಇರುವೆಯಷ್ಟು ಸಣ್ಣವು, ಒದ್ದೆ ಬೆರಳಿಗೆ ಜಗ್ಗುವುದೂ ಇಲ್ಲ. ಆರಿಸುವ ಗುಂಡಿಯ ಪಕ್ಕ ನನ್ನದೊಂದು ಕೆಂಪು ಬಿಂದಿ ಅಂಟಿಸಿದ್ದೇನೆ, ಅತ್ತೆ ಅದನ್ನು ನೋಡಿಕೊಂಡೇ ಒತ್ತುತ್ತಾರೆ.