"ಪಂಪ್ ಹೋಗಿದೆ" ಅಂದ ಕೂಡಲೇ ಟ್ರ್ಯಾಕ್ಟರ್ ಬಿಚ್ಚಲು ಬಿಡಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಹಳೇ ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ತೋಟಿಗರು, ಕುಮಟಾ, ಅಂಕೋಲಾ ಕಡೆ ಗದ್ದೆ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಳೆ ಹಿಡಿಯುತ್ತಿದ್ದ ಹಾಗೆ ಲಿಫ್ಟ್ (ಹಿಂದೆ ಕಟ್ಟಿದ ಸಲಕರಣೆ ಎತ್ತುವ ಭಾಗ) ಏಳುತ್ತಿಲ್ಲ, ಎಂಜಿನ್ ನಿಂತು ಹೋಗುತ್ತದೆ ಎಂಬ ತಾಪತ್ರಯ ಶುರುವಾಗುತ್ತದೆ. ನಮಗೆ ಸಿಕ್ಕ ಉತ್ತರ "ಲಿಫ್ಟಿಗೆ ಆಯಿಲ್ ತಳ್ಳುವ ಹೈಡ್ರಾಲಿಕ್ ಪಂಪ್ ಹೋಗಿದೆ, ಎಂಜಿನ್ನೂ ಬಿಚ್ಚಬೇಕು" ಎಂದು. ತೊಂದರೆ ಎರಡರಲ್ಲೂ ಇರಲಿಲ್ಲ. ಬಿಲ್ಲು ಮಾತ್ರ ಮೂವತ್ತು ಸಾವಿರ ದಾಟಿತ್ತು.

ನಮ್ಮದು 18 ಎಚ್‌ಪಿ ಆಸುಪಾಸಿನ, ಮೂರು ಸಿಲಿಂಡರಿನ ಗಾಡಿ. ಅಡಿಕೆ ಮರಗಳ ನಡುವೆ 9 ಅಡಿ ಜಾಗ ಇರುವ ತೋಟದಲ್ಲಿ ದೊಡ್ಡ ಟ್ರ್ಯಾಕ್ಟರ್ ತಿರುಗುವುದಿಲ್ಲ. ಗೊಬ್ಬರ, ದರಕು (ಒಣ ಎಲೆ), ಅಡಿಕೆ ಗೊನೆ ಸಾಗಿಸುವುದರಿಂದ ಹಿಡಿದು ಗದ್ದೆಗೆ ರೋಟವೇಟರ್ (ಮಣ್ಣು ಹದ ಮಾಡುವ, ತಿರುಗುವ ಹಲ್ಲಿನ ಸಲಕರಣೆ) ಹೊಡೆಯುವವರೆಗೆ ಎಲ್ಲಕ್ಕೂ ಇದೇ. ಹದಿನೈದು ವರ್ಷ ದಾಟಿದೆ, ಆದರೂ ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತಿತ್ತು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ನೆಟ್ಟಿಯ ಸಮಯಕ್ಕೆ ಸರಿಯಾಗಿ ಎರಡು ತೊಂದರೆ ಒಟ್ಟಿಗೇ ಬಂದವು. ಗದ್ದೆಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಎಂಜಿನ್ ನಿಧಾನಕ್ಕೆ ಸೋತು ನಿಂತುಬಿಡುತ್ತಿತ್ತು. ಹೊಗೆ ಏನೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಇನ್ನೊಂದು ಕಡೆ ಲಿಫ್ಟ್ ರೋಟವೇಟರನ್ನು ಜಗ್ಗಿ ಜಗ್ಗಿ ಎತ್ತುತ್ತಿತ್ತು. ಲಿವರ್ ಎಳೆದ ಕೂಡಲೇ ಸೀಟಿನ ಕೆಳಗಿಂದ ಕುಂಯ್ ಅಂತ ಸದ್ದು.

ಗಾಡಿಯನ್ನು ಲಾರಿಗೆ ಹೇರಿ ದೇವಿಮನೆ ಘಟ್ಟ ಇಳಿಸಿ ಕರಾವಳಿಯ ಒಂದು ವರ್ಕ್‌ಶಾಪಿಗೆ ಕಳಿಸಿದೆವು. ಸ್ಪೇರ್ ಎಲ್ಲ ಅಲ್ಲೇ ಸಿಗುತ್ತದೆ ಅಂದಿದ್ದರು. ಏನೇ ಮಾಡುವುದಿದ್ದರೂ ಮೊದಲು ಫೋನ್ ಮಾಡಿ ಎಂದು ಅಪ್ಪಯ್ಯ ಎರಡೆರಡು ಸಲ ಹೇಳಿ ಬಂದಿದ್ದರು. ಫೋನ್ ಬಂತು, ಆದರೆ ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿ ಆದ ಮೇಲೆ. "ಹೆಗಡೇರೆ, ಹಳೇ ಗಾಡಿ ಅಲ್ವಾ, ಪಿಸ್ಟನ್ ರಿಂಗ್ ಹಾಕಿಯೇ ಬಿಡುವ. ಹೈಡ್ರಾಲಿಕ್ ಪಂಪೂ ಹೋಗಿದೆ" ಅಂದರು. ಅಷ್ಟೊತ್ತಿಗೆ ಬೇಡ ಅನ್ನುವುದಕ್ಕೂ ದಾರಿ ಇರಲಿಲ್ಲ. ಬಿಚ್ಚಿಟ್ಟ ಎಂಜಿನ್ನನ್ನು ಬುಟ್ಟಿಯಲ್ಲಿ ಮನೆಗೆ ತರಲಾಗುತ್ತದೆಯೇ?

ಗಾಡಿ ವಾಪಸ್ ಬಂತು. ಅಂಗಳದಲ್ಲಿ ಚೆಂದ ಓಡಿತು, ರೋಟವೇಟರ್ ಸಲೀಸಾಗಿ ಎದ್ದಿತು. ಗದ್ದೆಗೆ ಇಳಿಸಿ ಬಿಸಿಯಾದ ಮೇಲೆ ಅದೇ ಕಥೆ. ಅದೇ ಕುಂಯ್, ಅದೇ ಜಗ್ಗುವಿಕೆ, ಅರ್ಧ ಗಂಟೆಗೆ ಎಂಜಿನ್ ಬಂದ್.

ಆಮೇಲೆ ನಮ್ಮ ಕಡೆಯದೇ ಒಬ್ಬರು ಹಿರಿಯ ಮೆಕ್ಯಾನಿಕ್ ಮನೆಗೆ ಬಂದರು. ಮೊದಲು ಗಾಡಿ ಓಡಿಸಲು ಹೇಳಿ ಸುಮ್ನೆ ಪಕ್ಕದಲ್ಲಿ ನಿಂತರು. ಎಂಜಿನ್ ಸೋತು ನಿಂತ ಕೂಡಲೇ ಹೋಗಿ ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸ್ಸ್... ಅಂತ ಗಾಳಿ ಒಳಗೆ ಹೋಯಿತು. ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಮುಚ್ಚಳದಲ್ಲಿ ಗಾಳಿ ಆಡಲು ಇರುವ ಸಣ್ಣ ತೂತು ಕೆಸರು, ಧೂಳು ಸೇರಿ ಪೂರ್ತಿ ಕಟ್ಟಿಕೊಂಡಿತ್ತು. ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಬಾರದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಆಗುತ್ತದೆ, ಡೀಸೆಲ್ ಕೆಳಗೆ ಇಳಿಯುವುದಿಲ್ಲ. ಸೂಜಿಯಲ್ಲಿ ಬಿಡಿಸಿದರೆ ಮುಗಿಯುವ ಕೆಲಸ. ಇದಕ್ಕೆ ರಿಂಗ್ ಬದಲಿಸಿದ್ದರು!

ರಿಂಗ್, ಬೋರ್ (ಪಿಸ್ಟನ್ ಆಡುವ ಸಿಲಿಂಡರಿನ ಒಳಗೋಡೆ) ಸವೆದ ಎಂಜಿನ್ ಹೀಗೆ ಮಾಡುವುದಿಲ್ಲ. ಅದು ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ನೀಲಿ ಹೊಗೆ ಬಿಡುತ್ತದೆ, ಎಂಜಿನ್ ಆಯಿಲ್ ಕುಡಿಯುತ್ತದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಹುಷಾರಾಗಿ ಸಡಿಲ ಮಾಡಿ ನೋಡಿದರೆ ಬುಸ್ ಬುಸ್ ಎಂದು ಹೊಗೆ ಏಳುತ್ತದೆ. ನಮ್ಮದರಲ್ಲಿ ಇದ್ಯಾವುದೂ ಇರಲಿಲ್ಲ. ಕಪ್ಪು ಹೊಗೆ ಜಾಸ್ತಿ ಇದ್ದರೆ ಮೊದಲು ಏರ್ ಕ್ಲೀನರ್ ನೋಡಿ. ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗಿನ ಸೀಲ್) ಹೋಗಿದೆ ಅಂದರೆ, ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ತೋರಿಸಲು ಹೇಳಿ. ನೀರಿನಲ್ಲಿ ಒಂದೇ ಸಮನೆ ಗುಳ್ಳೆ ಬರುತ್ತಿದ್ದರೆ ಅವರ ಮಾತಿಗೆ ಅರ್ಥ ಇದೆ.

ಇನ್ನು ಲಿಫ್ಟ್. ಇಂಥ ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಗೇರ್ ಬಾಕ್ಸಿನ ಆಯಿಲೇ ಹೈಡ್ರಾಲಿಕ್ಕಿಗೂ ಹೋಗುತ್ತದೆ. ಆ ಹಿರಿಯರು ರಾತ್ರಿಯಿಡೀ ಗಾಡಿ ನಿಲ್ಲಿಸಿಡಲು ಹೇಳಿ, ಬೆಳಿಗ್ಗೆ ಬಂದು ಅಡಿಯ ಡ್ರೈನ್ ಬೋಲ್ಟನ್ನು ಸ್ವಲ್ಪ ಸಡಿಲ ಮಾಡಿದರು. ಮೊದಲು ಬಂದದ್ದು ನೀರು! ಆಮೇಲೆ ಬಂದ ಆಯಿಲ್ ಹಾಲು ಜಾಸ್ತಿಯಾದ ಚಹಾದ ಬಣ್ಣದಲ್ಲಿತ್ತು. ಗೇರ್ ಲಿವರಿನ ಬುಡದ ರಬ್ಬರ್ ಹರಿದಿತ್ತು, ಮಳೆನೀರು ಅಲ್ಲಿಂದಲೇ ಇಳಿದಿತ್ತು. ವರ್ಕ್‌ಶಾಪಿನವರು ಹೊಸ ಪಂಪ್ ಕೂರಿಸಿ ಅದಕ್ಕೆ ಅದೇ ನೀರು ಸೇರಿದ ಹಳೇ ಆಯಿಲ್ಲನ್ನು ವಾಪಸ್ ಸುರಿದಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇಲ್ಲಿ.

ಪಂಪಿಗೆ ಆಯಿಲ್ ಹೋಗುವ ಪೈಪಿನ ಬಾಯಲ್ಲಿ ಒಂದು ಜಾಲರಿ ಇರುತ್ತದೆ. ಅದನ್ನು ಹೊರತೆಗೆದಾಗ ಹಳೇ ಜಿಡ್ಡಿನ ಮೇಲೆ ಹೊಸ ಸಿಲಿಕಾನ್ ಪೇಸ್ಟಿನ ಚೂರುಗಳು ಅಂಟಿದ್ದವು. ಜಾಯಿಂಟುಗಳಿಗೆ ಕೈ ಬಂದಷ್ಟು ಮೆತ್ತಿದ್ದು ಒಳಗೆ ಉದುರಿ ಬಂದು ಇಲ್ಲಿ ಕೂತಿತ್ತು. ಪೈಪಿನ ಜಾಯಿಂಟಿನ ಓ ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಪಂಪ್ ಎಳೆಯುವಾಗ ಅಲ್ಲಿಂದ ಗಾಳಿ ಸೇರಿಕೊಳ್ಳುತ್ತಿತ್ತು. ಕುಂಯ್ ಸದ್ದು, ಜಗ್ಗಾಟ ಎರಡಕ್ಕೂ ಇದೇ ಕಾರಣ. ಗಾಳಿ ಎಳೆಯುವ ಜಾಯಿಂಟಿನಿಂದ ಹೊರಗೆ ಆಯಿಲ್ ಸೋರಲೇಬೇಕು ಎಂದಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ.

ಜಾಲರಿ ತೊಳೆದು, ಓ ರಿಂಗ್, ರಬ್ಬರ್ ಬದಲಿಸಿ, ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿದರು. ಖರ್ಚಿನಲ್ಲಿ ಮುಕ್ಕಾಲು ಪಾಲು ಆಯಿಲ್‌ದೇ. ಲಿಫ್ಟ್ ಆವತ್ತಿಂದ ಸರಿ ಇದೆ.

ಲಿಫ್ಟಿನ ಲಕ್ಷಣಗಳನ್ನು ಬೇರೆ ಬೇರೆ ಮಾಡಿ ನೋಡಲೇಬೇಕು. ಸದ್ದು ಮಾಡಿಕೊಂಡು ಜಗ್ಗಿ ಎತ್ತಿದರೆ ಆಯಿಲ್ ಮಟ್ಟ, ಜಾಲರಿ, ಗಾಳಿ ಈ ಮೂರನ್ನು ಮೊದಲು ನೋಡಿ. ಚೆನ್ನಾಗಿ ಎತ್ತಿ, ಎಂಜಿನ್ ಬಂದ್ ಮಾಡಿದ ಮೇಲೆ ಬೇಗ ಕೆಳಗಿಳಿದರೆ ಪಂಪಿನ ತಪ್ಪಲ್ಲ. ಲಿಫ್ಟಿನ ಸಿಲಿಂಡರಿನ ಸೀಲ್ ಅಥವಾ ವಾಲ್ವ್ ಆಯಿಲ್ ಬಿಡುತ್ತಿದೆ. ತಣ್ಣಗಿರುವಾಗ ಸರಿ, ಬಿಸಿಯಾದ ಮೇಲೆ ನಿಧಾನ, ಆಯಿಲ್ ಕೂಡ ಚೊಕ್ಕ ಇದೆ ಎಂದಾದರೆ ಆಗ ಪಂಪ್ ಸವೆದಿರಬಹುದು. ಅದನ್ನೂ ಬಾಯಿಮಾತಿನಲ್ಲಿ ಒಪ್ಪಬೇಡಿ. ಪ್ರೆಶರ್ ಗೇಜ್ ಹಾಕಿ, ಗಾಡಿ ಜೊತೆ ಬಂದ ಪುಸ್ತಕದಲ್ಲಿರುವ ಅಂಕಿ ಬರುತ್ತದೋ ಇಲ್ಲವೋ ತೋರಿಸಲಿ. ಆಯಿಲಿನಲ್ಲಿ ನೀರಿನ ಅನುಮಾನ ಇದ್ದರೆ, ಬೇಡದ ಹಳೇ ತವೆಯೊಂದನ್ನು ಅಂಗಳದಲ್ಲಿ ಚೆನ್ನಾಗಿ ಕಾಯಿಸಿ, ದೂರ ನಿಂತು ಒಂದೇ ಹನಿ ಬಿಡಿ. ಚಟಪಟ ಅಂದರೆ ನೀರಿದೆ.

ಮನೆಯಲ್ಲಿ ನೋಡುವವರು ಜೀವದ ಬಗ್ಗೆ ಜಾಗ್ರತೆ. ಎತ್ತಿದ ರೋಟವೇಟರಿನ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ನೆಲಕ್ಕೆ ಇಳಿಸಿ, ಎಂಜಿನ್ ಬಂದ್ ಮಾಡಿಯೇ ಕೈ ಹಾಕಿ. ಪ್ರೆಶರ್ ಇರುವ ಪೈಪ್ ಸೋರುತ್ತಿದೆಯಾ ಎಂದು ಬೆರಳಲ್ಲಿ ಮುಟ್ಟಿ ನೋಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆ ಒತ್ತಡಕ್ಕೆ ಆಯಿಲ್ ಅಥವಾ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ತಡ ಮಾಡಿದರೆ ಬೆರಳೇ ಹೋಗಬಹುದು.

ನಮ್ಮ ಹಳೇ ಪಂಪ್ ಕೊಡಿ ಎಂದು ಆಮೇಲೆ ಕೇಳಿದೆವು. ಗುಜರಿಗೆ ಹೋಯಿತು ಅಂದರು. ಅದು ಸರಿಯಾಗಿಯೇ ಇದ್ದ ಪಂಪ್ ಎಂದು ನನಗೆ ಈಗಲೂ ಅನಿಸುತ್ತದೆ, ತೋರಿಸಲು ಕೈಯಲ್ಲಿ ಏನೂ ಇಲ್ಲ. ನೀವು ಗಾಡಿ ಬಿಡುವಾಗಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ: ಕೇಳದೆ ಎಂಜಿನ್ ಬಿಚ್ಚಬಾರದು, ಬದಲಿಸಿದ ಹಳೇ ಸಾಮಾನೆಲ್ಲ ವಾಪಸ್ ಬೇಕು. ತರುವಾಗ ಅಲ್ಲೇ ರೋಟವೇಟರ್ ಅಥವಾ ಅಷ್ಟೇ ಭಾರ ಕಟ್ಟಿ, ಅರ್ಧ ಗಂಟೆಗೂ ಜಾಸ್ತಿ ಓಡಿಸಿ, ಬಿಸಿಯಾದ ಮೇಲೆ ಲಿಫ್ಟ್ ಎತ್ತಿಸಿ ನೋಡಿ. ದುಡ್ಡು ಅದಾದ ಮೇಲೆ ಕೊಡಿ.